ಅಡುಗೆಮನೆಯಿಂದ ಬಚ್ಚಲವರೆಗೆ: ಚಿಕ್ಕ ಮಕ್ಕಳಿಗೆ ಗಾಳಿಯ ಪಾಠ

ದೀಪಾವಳಿ ಮುಗಿಯುತ್ತಿದ್ದಂತೆ ಟಿವಿಯಲ್ಲಿ ದಿಲ್ಲಿಯ ಹೊಗೆ ಶುರುವಾಗುತ್ತದೆ. ಅದನ್ನು ನೋಡಿದ ಎರಡನೇ ಕ್ಲಾಸಿನ ಮಗು "ನಮ್ಮ ಹುಬ್ಬಳ್ಳ್ಯಾಗೂ ಹಿಂಗ ಐತೇನು?" ಅಂತ ಕೇಳುತ್ತದೆ. ಅದೇ ಹೊತ್ತಿಗೆ ಶಾಲೆಯಿಂದ ಪ್ರಾಜೆಕ್ಟ್ ಬೇರೆ ಬಂದಿರುತ್ತದೆ: ವಾಯುಮಾಲಿನ್ಯದ ಚಾರ್ಟ್ ಮಾಡಿಕೊಂಡು ಬನ್ನಿ. ನಾವೇನು ಮಾಡುತ್ತೇವೆ? ಅಂಗಡಿಯಿಂದ ಚಿತ್ರದ ಹಾಳೆ ತಂದು, ಹೊಗೆ ಉಗುಳುವ ಫ್ಯಾಕ್ಟರಿ, ಲಾರಿ ಕತ್ತರಿಸಿ ಅಂಟಿಸಿ ಕಳಿಸುತ್ತೇವೆ. ಆ ಮಗು ದಿನಾ ಉಸಿರಾಡುವ ಗಾಳಿ ಚಾರ್ಟಿನಲ್ಲಿ ಎಲ್ಲೂ ಇರುವುದಿಲ್ಲ.

ಮೊದಲು ಮಗುವಿನ ಪ್ರಶ್ನೆಗೆ ಉತ್ತರ. ದಿಲ್ಲಿಯಷ್ಟು ಕೆಟ್ಟಿಲ್ಲ. ಆದರೆ ಚೆನ್ನಾಗಿದೆ ಅಂತ ಹೇಳುವ ಹಾಗೂ ಇಲ್ಲ. ಕೇಂದ್ರ ಸರ್ಕಾರ 2019ರ ಜನವರಿಯಲ್ಲಿ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಶುರು ಮಾಡಿತು. ಗಾಳಿಯ ಮಾನದಂಡವನ್ನು ವರ್ಷಗಟ್ಟಲೆ ಮುಟ್ಟಲಾಗದ ಊರುಗಳ ಪಟ್ಟಿ ಅದರಲ್ಲಿದೆ. ಕರ್ನಾಟಕದಿಂದ ನಾಲ್ಕು ಹೆಸರು: ಬೆಂಗಳೂರು, ದಾವಣಗೆರೆ, ಕಲಬುರಗಿ ಮತ್ತು ನಮ್ಮ ಹುಬ್ಬಳ್ಳಿ-ಧಾರವಾಡ.

ಊರಿನ ಗಾಳಿಯನ್ನು ಆರು ವರ್ಷದ ಮಗು ಏನೂ ಮಾಡಲಾಗದು. ಆದರೆ ಚಿಕ್ಕ ಮಕ್ಕಳು ದಿನದ ಬಹುಪಾಲು ಇರುವುದು ಸೂರಿನ ಕೆಳಗೇ ಅಲ್ವಾ? ಮನೆ, ಅಂಗನವಾಡಿ, ಕ್ಲಾಸ್‌ರೂಮು. ಹಾಗಾಗಿ ಪಾಠ ಒಳಗಿನಿಂದಲೇ ಶುರುವಾದರೆ ಮಗುವಿಗೆ ಬೇಗ ತಿಳಿಯುತ್ತದೆ.

ಗಾಳಿ ಕೆಡುವುದು ಅಂದರೇನು?

ಗಾಳಿಯಲ್ಲಿ ನೂರಕ್ಕೆ 78 ಪಾಲು ನೈಟ್ರೋಜನ್, 21 ಪಾಲು ಆಕ್ಸಿಜನ್. ಉಳಿದ ಒಂದು ಪಾಲಿನಲ್ಲಿ ಬೇರೆ ಅನಿಲಗಳು. ಇದರ ಜೊತೆಗೆ ಇರಬಾರದ್ದು ಬಂದು ಸೇರಿಕೊಂಡರೆ ಗಾಳಿ ಕೆಟ್ಟಿತು ಅಂತ ಲೆಕ್ಕ. ಹಾಗೆ ಸೇರುವುದರಲ್ಲಿ ಎರಡು ಜಾತಿ. ಒಂದು ಕಣ: ಧೂಳು, ಮಸಿ, ಬೂದಿ. ಇನ್ನೊಂದು ಅನಿಲ: ಬಣ್ಣದ ವಾಸನೆ, ಗಾಡಿ ಹೊಗೆಯಲ್ಲಿನ ವಿಷ, ಇಂಥವು.

ಕಣಗಳ ವಿಷಯದಲ್ಲಿ ಪಿಎಂ 10, ಪಿಎಂ 2.5 ಅನ್ನುವ ಹೆಸರು ಪೇಪರಿನಲ್ಲಿ ಓದಿರುತ್ತೀರಿ. ಪಿಎಂ ಅಂದರೆ ಗಾಳಿಯಲ್ಲಿ ತೇಲುವ ಕಣ. ಮುಂದಿನ ಅಂಕಿ ಅದರ ಗಾತ್ರ, ಮೈಕ್ರಾನ್ ಲೆಕ್ಕದಲ್ಲಿ. ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ಒಂದು ಭಾಗವೇ ಮೈಕ್ರಾನ್. ನಮ್ಮ ತಲೆಕೂದಲು ಸುಮಾರು 50ರಿಂದ 70 ಮೈಕ್ರಾನ್ ದಪ್ಪ. ಪಿಎಂ 2.5 ಅಂದರೆ ಎರಡೂವರೆ ಮೈಕ್ರಾನ್ ಅಥವಾ ಅದಕ್ಕಿಂತ ಸಣ್ಣದು. ಕಣ್ಣಿಗೆ ಕಾಣುವ ಮಾತೇ ಇಲ್ಲ.

ಇದನ್ನು ಮಗುವಿಗೆ ಹೇಳಲು ಜೋಳದ ಹಿಟ್ಟು ಸಾಣಿಸುವ ಹೊತ್ತೇ ಸರಿ. ಸಾಣಿಗೆಯಲ್ಲಿ ಗಿರಣಿಯ ಹಿಟ್ಟು ಹಾಕಿ ಆಡಿಸಿದರೆ ತೌಡು ಮೇಲೆ ಉಳಿಯುತ್ತದೆ, ನುಣುಪು ಹಿಟ್ಟು ಕೆಳಗೆ ಇಳಿಯುತ್ತದೆ. ನಮ್ಮ ಮೂಗೂ ಹಾಗೆಯೇ. ದಪ್ಪ ಧೂಳನ್ನು ಮೂಗಿನ ಕೂದಲು, ಸಿಂಬಳ ಹಿಡಿದಿಟ್ಟುಕೊಳ್ಳುತ್ತವೆ. ಆಮೇಲೆ ಸೀನು ಬಂದು ಹೊರಗೆ ಹೋಗುತ್ತದೆ. ಪಿಎಂ 2.5 ಮಾತ್ರ ನುಣುಪು ಹಿಟ್ಟಿನಂತೆ ಸೀದಾ ಪುಪ್ಪುಸದ ತಳಕ್ಕೆ ಇಳಿಯುತ್ತದೆ. ಅದರಲ್ಲಿ ಅತಿ ಸಣ್ಣದು ರಕ್ತಕ್ಕೂ ಸೇರುತ್ತದೆ.

ಮಕ್ಕಳಿಗೆ ಇದು ಜಾಸ್ತಿ ತಾಗುವುದಕ್ಕೆ ಕಾರಣ ಇದೆ. ಸುಮ್ನೆ ಕೂತ ದೊಡ್ಡವರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ಎರಡು-ಮೂರು ವರ್ಷದ ಮಗು 20ರಿಂದ 30 ಸಲ. ಓಡಾಡುವಾಗ ಇನ್ನೂ ಹೆಚ್ಚು. ಅದರ ಮೈತೂಕಕ್ಕೆ ಹೋಲಿಸಿದರೆ ನಮಗಿಂತ ಜಾಸ್ತಿ ಗಾಳಿ ಎಳೆದುಕೊಳ್ಳುತ್ತದೆ. ಪುಪ್ಪುಸ ಇನ್ನೂ ಬೆಳೆಯುತ್ತಿರುತ್ತದೆ. ನೆಲದ ಹತ್ತಿರ ಆಡುವುದರಿಂದ ನೆಲದ ಧೂಳು ಮೊದಲು ಸಿಗುವುದೂ ಅದಕ್ಕೇ. ಗಡಿಯಾರ ಮುಂದಿಟ್ಟುಕೊಂಡು ಅಜ್ಜನ ಉಸಿರು, ತನ್ನ ಉಸಿರು ಎಣಿಸಲು ಮಗುವಿಗೆ ಹೇಳಿ. ಅಜ್ಜನಿಗಿಂತ ತನ್ನದೇ ಜಾಸ್ತಿ ಅಂತ ಗೊತ್ತಾದರೆ ಬಹಳ ಹಿಗ್ಗುತ್ತವೆ.

ಮೂರು ಪ್ರಶ್ನೆ

ಚಿಕ್ಕ ಮಕ್ಕಳಿಗೆ ಪಟ್ಟಿ ಕೊಟ್ಟರೆ ಬಾಯಿಪಾಠ ಮಾಡುತ್ತವೆ, ಮರುದಿನ ಮರೆಯುತ್ತವೆ. ಅದರ ಬದಲು ಯಾವ ಕೋಣೆಗೆ ಹೋದರೂ ಕೇಳಿಕೊಳ್ಳಲು ಮೂರು ಪ್ರಶ್ನೆ ಕೊಡಿ: ಇಲ್ಲಿ ಏನು ಉರಿಯುತ್ತಿದೆ? ಏನು ಹಾರುತ್ತಿದೆ? ಏನು ನಾರುತ್ತಿದೆ? ಪರಿಮಳ ಬಂದರೂ ಮೂರನೇ ಪ್ರಶ್ನೆ ಕೇಳಬೇಕು. ಮನೆಯ ಗಾಳಿಯನ್ನು ಕೆಡಿಸುವ ಬಹುತೇಕ ವಸ್ತುಗಳು ಈ ಮೂರರಲ್ಲಿ ಸಿಕ್ಕಿಬೀಳುತ್ತವೆ. ಸಿಗದೇ ಹೋಗುವುದು ಒಂದಿದೆ, ಅದು ಮುಂದೆ ಬರುತ್ತದೆ.

ಏನು ಉರಿಯುತ್ತಿದೆ?

ಮೂರರಲ್ಲಿ ದೊಡ್ಡ ಪ್ರಶ್ನೆ ಇದೇ. ಪಿಎಂ 2.5 ಹೆಚ್ಚಾಗಿ ಹುಟ್ಟುವುದು ಉರಿಯುವ ಜಾಗದಲ್ಲಿ.

ಇದನ್ನು ಕಣ್ಣಾರೆ ತೋರಿಸಲು ಹಳೇ ಕಾಡಿಗೆ ಮಾಡುವ ರೀತಿಗಿಂತ ಒಳ್ಳೆಯದು ಇಲ್ಲ. ಹರಳೆಣ್ಣೆಯ ಹಣತೆ ಹಚ್ಚಿ, ಅದರ ಉರಿಯ ಮೇಲೆ ಹಿತ್ತಾಳೆ ತಟ್ಟೆಯನ್ನು ಬೋರಲು ಹಿಡಿಯುತ್ತಿದ್ದರು. ಸ್ವಲ್ಪ ಹೊತ್ತಿಗೆ ತಟ್ಟೆಯ ಅಡಿಗೆ ಕಪ್ಪಗೆ, ಮೆತ್ತಗೆ ಮಸಿ ಕೂತಿರುತ್ತಿತ್ತು. ಮನೆಯಲ್ಲಿ ಸ್ಟೀಲ್ ಚಮಚದಿಂದ, ದೊಡ್ಡವರ ಕೈಯಿಂದ, ಇದನ್ನೇ ಮಾಡಿ ತೋರಿಸಿ. ಚಮಚ ಆರಿದ ಮೇಲೆ ಮಗು ಬೆರಳು ಒರೆಸಿ ನೋಡಲಿ. "ಉರಿಯ ಮ್ಯಾಲೆ ಚಮಚ ಹಿಡೀದಿದ್ರ ಈ ಮಸಿ ಎಲ್ಲಿ ಹೋಗ್ತಿತ್ತು?" ಅಂತ ಕೇಳಿ. ಉತ್ತರ ನೀವು ಹೇಳಬೇಕಾಗಿಲ್ಲ. (ಅಂದ ಹಾಗೆ, ಎಳೆ ಮಗುವಿನ ಕಣ್ಣಿಗೆ ಕಾಡಿಗೆ ಬೇಡ ಅನ್ನುತ್ತಾರೆ ವೈದ್ಯರು. ಅದು ಬೇರೆ ಜಗಳ.)

ಇನ್ನು ಒಂದೊಂದೇ ಕೋಣೆ. ಗ್ಯಾಸ್ ಒಲೆಯ ಉರಿ ನೀಲಿ ಇದ್ದರೆ ಗ್ಯಾಸ್ ಸರಿಯಾಗಿ ಉರಿಯುತ್ತಿದೆ. ಹಳದಿ ಆಗಿ ಪಾತ್ರೆಯ ತಳ ಕಪ್ಪಾಗುತ್ತಿದ್ದರೆ ಅರ್ಧಂಬರ್ಧ ಉರಿಯುತ್ತಿದೆ. ಬರ್ನರಿನ ತೂತು ಕಟ್ಟಿಕೊಂಡಿರಬಹುದು, ತೊಳೆದರೆ ಸರಿಹೋಗುತ್ತದೆ. ಬಾಗಿಲಲ್ಲಿ ನಿಂತು ಉರಿಯ ಬಣ್ಣ ಹೇಳುವ ಕೆಲಸವನ್ನು ಮಗುವಿಗೆ ವಹಿಸಬಹುದು. ನೀಲಿ ಉರಿಯಿಂದಲೂ ನೈಟ್ರೋಜನ್ ಡೈಆಕ್ಸೈಡ್ ಅನ್ನುವ ಅನಿಲ ಸ್ವಲ್ಪ ಬರುತ್ತದೆ. ಮಿರ್ಚಿ ಭಜಿ ಕರಿಯುವಾಗ, ಒಗ್ಗರಣೆ ಹಾಕುವಾಗ ಎಣ್ಣೆಯ ಹೊಗೆಯೂ ಸೇರುತ್ತದೆ. ಎಕ್ಸಾಸ್ಟ್ ಫ್ಯಾನ್ ಇರುವುದು ಅದಕ್ಕೇ. ಘಾಟು ಎದ್ದ ಮೇಲೆ ಹಾಕಿದರೆ ತಡವಾಯಿತು, ಒಲೆ ಹಚ್ಚುವಾಗಲೇ ಹಾಕಬೇಕು.

ಸೌದೆ ಒಲೆಯ ಮಾತು ಬಂದರೆ "ನಮ್ಮ ಮನೆಯಲ್ಲಿ ಗ್ಯಾಸ್ ಇದೆ" ಅನ್ನುತ್ತೇವೆ. ಆದರೆ ಬಚ್ಚಲಲ್ಲಿ? ಧಾರವಾಡದ ಹಳೇ ಮನೆಗಳಲ್ಲಿ, ಹಳ್ಳಿಗಳಲ್ಲಿ ನೀರು ಕಾಯಿಸುವ ಹಂಡೆಯ ಒಲೆ, ತಾಮ್ರದ ಬಂಬು ಇನ್ನೂ ಇವೆ. ಕಟ್ಟಿಗೆ, ತೆಂಗಿನ ಚಿಪ್ಪು, ಗೋವಿನಜೋಳದ ದಂಟು ಎಲ್ಲ ಅದಕ್ಕೆ ಹೋಗುತ್ತವೆ. ತೊಂದರೆ ಇರುವುದು ಉರಿ ಹತ್ತಿಸುವ ರೀತಿಯಲ್ಲಿ. ಸೀಮೆಎಣ್ಣೆ ಸಿಗುವುದು ಕಷ್ಟ, ಕಟ್ಟಿಗೆ ಹಸಿ. ಆಗ ಕೈಗೆ ಸಿಗುವುದು ಹಾಲಿನ ಪ್ಯಾಕೆಟ್ಟು, ಕ್ಯಾರಿಬ್ಯಾಗು, ಹರಿದ ಚಪ್ಪಲಿ, ಸೈಕಲ್ ಟ್ಯೂಬಿನ ತುಂಡು. ಭಗ್ ಅಂತ ಹತ್ತಿಕೊಳ್ಳುತ್ತದೆ, ನಿಜ. ಆದರೆ ಪ್ಲಾಸ್ಟಿಕ್, ರಬ್ಬರ್ ಉರಿದಾಗ ಬರುವ ಕಪ್ಪು ಹೊಗೆಯಲ್ಲಿ ಮಸಿಯ ಜೊತೆ ವಿಷದ ಅನಿಲಗಳೂ ಇರುತ್ತವೆ. ಪಿವಿಸಿ ಪೈಪು, ವೈರಿನ ಹೊದಿಕೆಯಂಥ ಕ್ಲೋರಿನ್ ಇರುವ ಪ್ಲಾಸ್ಟಿಕ್ ಉರಿದರೆ ಡಯಾಕ್ಸಿನ್ ಹುಟ್ಟುತ್ತದೆ. ಅದು ಮೈಯ ಕೊಬ್ಬಿನಲ್ಲಿ ಸೇರಿಕೊಂಡು ವರ್ಷಗಟ್ಟಲೆ ಉಳಿಯುವ ವಿಷ. ಒಣ ಚಿಪ್ಪು, ತೆಂಗಿನ ನಾರು ಉರಿ ಹತ್ತಿಸುವುದಕ್ಕೆ ಸಾಕಾಗುತ್ತವೆ. ಅವನ್ನು ಬಿಸಿಲಿಗೆ ಹಾಕಿ ಒಣಗಿಸಿಡುವುದು ಮಕ್ಕಳೂ ಮಾಡುವ ಕೆಲಸ.

ಸೊಳ್ಳೆ ಬತ್ತಿಯ ಲೆಕ್ಕ ಕೇಳಿದರೆ ದೊಡ್ಡವರೂ ಬೆಚ್ಚುತ್ತಾರೆ. ಒಂದು ಸೊಳ್ಳೆ ಬತ್ತಿ ಪೂರ್ತಿ ಉರಿದರೆ 75ರಿಂದ 137 ಸಿಗರೇಟು ಸುಟ್ಟಷ್ಟು ಪಿಎಂ 2.5 ಹೊರಬರುತ್ತದೆ ಅಂತ 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಕಂಡುಕೊಂಡಿತು. ಕಣಗಳ ತೂಕದ ಲೆಕ್ಕ ಇದು. ಸಿಗರೇಟಿನ ನಿಕೋಟಿನ್ ಇದರಲ್ಲಿ ಇಲ್ಲ. ಆದರೂ ಕಿಟಕಿ ಮುಚ್ಚಿ, ಬತ್ತಿ ಹಚ್ಚಿ, ಮಗುವನ್ನು ಅದರ ಪಕ್ಕ ಮಲಗಿಸುವುದು ನಮ್ಮಲ್ಲಿ ಎಷ್ಟು ಮಾಮೂಲಿ! ಸೊಳ್ಳೆ ಪರದೆ, ಕಿಟಕಿಗೆ ಜಾಳಿಗೆ, ಜೋರಾಗಿ ಫ್ಯಾನು, ಇವು ಯಾವುದನ್ನೂ ಸುಡದೆ ಸೊಳ್ಳೆ ತಡೆಯುತ್ತವೆ. ಬತ್ತಿ ಬೇಕೇ ಬೇಕು ಅಂದರೆ ಮಲಗುವ ಮೊದಲು ಹಚ್ಚಿ, ಆರಿಸಿ, ಗಾಳಿ ಆಡಿಸಿ, ಆಮೇಲೆ ಮಗುವನ್ನು ಕೋಣೆಗೆ ಕರೆಯಬಹುದು.

ಊದಿನಕಡ್ಡಿ, ಲೋಬಾನ, ಕರ್ಪೂರದಿಂದಲೂ ಬರುವುದು ಹೊಗೆಯೇ. ಹೊಗೆಗೆ ಉದ್ದೇಶ ಗೊತ್ತಾಗುವುದಿಲ್ಲ. ಆದರೆ ಇಲ್ಲಿ ಒಂದು ಎಚ್ಚರ ಬೇಕು. ಮಗುವಿಗೆ ಪಾಠ ಹೇಳಿಕೊಟ್ಟು ಅಜ್ಜಿಯ ಮೇಲೆ ಪೊಲೀಸರನ್ನು ಬಿಟ್ಟ ಹಾಗೆ ಬಿಟ್ಟರೆ ಮನೆಯಲ್ಲಿ ಜಗಳ ಅಷ್ಟೇ ಆಗುತ್ತದೆ. "ಅಜ್ಜಿ, ಒಂದ ಕಡ್ಡಿ ಹಚ್ಚೂಣು, ಕಿಟಕಿ ನಾ ತೆಗೀತೀನಿ" ಅಂತ ಮಗು ಅಂದರೆ ಯಾವ ಅಜ್ಜಿಯೂ ಬೇಡ ಅನ್ನಲಾರರು.

ಬೀಡಿ, ಸಿಗರೇಟಿನ ಮಾತು ಬೇರೆ ಹೇಳಬೇಕೇ? ಕಿಟಕಿ ತೆರೆದರೂ, ಬಾಲ್ಕನಿಗೆ ಹೋದರೂ ಹೊಗೆಯ ಪಾಲು ಒಳಗೆ ಬರುತ್ತದೆ, ಅಂಗಿಗೂ ಅಂಟುತ್ತದೆ.

ಏನು ಹಾರುತ್ತಿದೆ?

ಧೂಳಿನ ವಿಷಯದಲ್ಲಿ ನಮ್ಮೂರಿನವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಹುಬ್ಬಳ್ಳಿಯಿಂದ ನವಲಗುಂದ, ಅಣ್ಣಿಗೇರಿ, ಗದಗದ ಕಡೆಗೆ ಎರೆ ಹೊಲ. ಬೇಸಿಗೆಯಲ್ಲಿ ಬಿರುಕು ಬಿಟ್ಟ ಎರೆಮಣ್ಣು ನುಣ್ಣಗೆ ಪುಡಿಯಾಗಿ ಗಾಳಿಗೆ ಏಳುತ್ತದೆ. ಅದರ ಮೇಲೆ ಅಗೆದು ಬಿಟ್ಟ ರಸ್ತೆ, ಚನ್ನಮ್ಮ ಸರ್ಕಲ್ ಫ್ಲೈಓವರಿನ ಕೆಲಸ, ಮರಳಿನ ಲಾರಿ. ಕಿಟಕಿಯ ಕಟ್ಟೆಯನ್ನು ಬೆಳಿಗ್ಗೆ ಒರೆಸಿದರೆ ಸಂಜೆ ಹೆಸರು ಬರೆಯುವಷ್ಟು ಧೂಳು.

ಮನೆಯೊಳಗೂ ಧೂಳು ಏಳಿಸುವ ಕೆಲಸಗಳಿವೆ. ಒಣ ಕಸಬರಿಗೆಯಿಂದ ಗುಡಿಸುವುದು, ಕೋಣೆಯೊಳಗೇ ಕೌದಿ ಝಾಡಿಸುವುದು, ಕ್ಲಾಸಿನಲ್ಲಿ ಡಸ್ಟರ್ ಬಡಿಯುವುದು. ಅಂಗಳಕ್ಕೆ ಥಳಿ ಹೊಡೆದು ಆಮೇಲೆ ಗುಡಿಸುವ ಪದ್ಧತಿಗೆ ಇರುವ ಲಾಭ ಇದೇ: ನೀರು ತಾಗಿದ ಧೂಳು ಭಾರವಾಗಿ ಕೂರುತ್ತದೆ, ಏಳುವುದಿಲ್ಲ. ಒಳಗೆ ಒದ್ದೆ ಬಟ್ಟೆಯಲ್ಲಿ ಒರೆಸುವುದೂ ಅಷ್ಟೇ.

ಮಕ್ಕಳಿಗೆ ಮಾಡಲು ಒಂದು ಪ್ರಯೋಗ. ಬಿಳಿ ರಟ್ಟಿನ ನಾಲ್ಕು ತುಂಡಿಗೆ ತೆಳ್ಳಗೆ ವ್ಯಾಸಲಿನ್ ಸವರಿ. ರಸ್ತೆ ಕಡೆಯ ಕಿಟಕಿ, ಹಿತ್ತಲು, ಅಡುಗೆಮನೆ, ದೇವರ ಮನೆ, ಹೀಗೆ ಒಂದೊಂದು ಕಡೆ ಒಂದೊಂದು ಇಡಿ. ಯಾವುದು ಎಲ್ಲಿಯದು ಅಂತ ಹಿಂದೆ ಬರೆಸಿ. ಎರಡು-ಮೂರು ದಿನ ಬಿಟ್ಟು ಭೂತಗನ್ನಡಿಯಲ್ಲಿ ನೋಡಿ. ಯಾವ ತುಂಡು ಹೆಚ್ಚು ಕೊಳೆಯಾಗಿದೆ, ಬಣ್ಣ ಕಂದೋ ಕಪ್ಪೋ, ಎಳೆ ಅಂಟಿದೆಯೋ ಅಂತ ಮಗುವೇ ಹೇಳಲಿ. ಶಾಲೆಯ ಚಾರ್ಟಿಗೆ ಫ್ಯಾಕ್ಟರಿಯ ಚಿತ್ರದ ಬದಲು ಈ ನಾಲ್ಕು ತುಂಡನ್ನೇ ಅಂಟಿಸಬಹುದು. ಒಂದು ಮಾತು ಮಾತ್ರ ಸೇರಿಸಿ: ಇಲ್ಲಿ ಕಂಡದ್ದು ದಪ್ಪ ಧೂಳು, ಕಾಣದ ಸಣ್ಣದು ಇನ್ನೂ ಇದೆ. ಇಲ್ಲದಿದ್ದರೆ ರಟ್ಟು ಬೆಳ್ಳಗಿದ್ದ ಕೋಣೆಯ ಗಾಳಿ ಶುದ್ಧ ಅಂತ ಮಗು ತಿಳಿದುಬಿಡುತ್ತದೆ.

ಏನು ನಾರುತ್ತಿದೆ?

ಹೊಸ ಬಣ್ಣ, ಥಿನ್ನರ್, ಫಿನಾಯಿಲ್, ರೂಮ್ ಫ್ರೆಶ್ನರ್. ವಾಸನೆ ಮೂಗಿಗೆ ಬಂತು ಅಂದರೆ ಆ ವಸ್ತುವಿನ ಸ್ವಲ್ಪ ಭಾಗ ಆವಿಯಾಗಿ ಮೂಗಿನವರೆಗೆ ಬಂತು ಅಂತಲೇ ಅರ್ಥ. ಇದನ್ನು ಏನನ್ನೂ ಸುಡದೆ ತೋರಿಸಬಹುದು. ಮಗು ಪಡಸಾಲೆಯಲ್ಲಿ ಕಣ್ಣು ಮುಚ್ಚಿ ಕೂರಲಿ. ನೀವು ಅಡುಗೆಮನೆಯಲ್ಲಿ ಉಳ್ಳಾಗಡ್ಡಿ ಹೆಚ್ಚಿ. ವಾಸನೆ ಬಂದ ಕೂಡಲೇ ಮಗು ಕೈ ಎತ್ತಬೇಕು. ಆಮೇಲೆ ಅಡುಗೆಮನೆಯ ಕಿಟಕಿ ತೆರೆದು, ಎಕ್ಸಾಸ್ಟ್ ಹಾಕಿ ಮತ್ತೆ ಆಡಿ. ಒಂದು ಕೋಣೆಯ ಗಾಳಿ ಇನ್ನೊಂದಕ್ಕೆ ಹೋಗುತ್ತದೆ, ದಾರಿ ಕೊಟ್ಟರೆ ಹೊರಗೂ ಹೋಗುತ್ತದೆ ಅನ್ನುವುದು ಆಟದಲ್ಲೇ ತಿಳಿಯುತ್ತದೆ.

ಬೀರುವಿನಲ್ಲಿ ಇಡುವ ಡಾಂಬರು ಗುಳಿಗೆಯ ಬಗ್ಗೆ ಹುಷಾರು. ನೋಡಲು ಪೆಪ್ಪರಮೆಂಟಿನ ಹಾಗೇ ಇರುವುದರಿಂದ ಚಿಕ್ಕವು ಬಾಯಿಗೆ ಹಾಕಿಕೊಳ್ಳುತ್ತವೆ. ಅದರಲ್ಲಿರುವ ನಾಫ್ತಲಿನ್, ಜಿ6ಪಿಡಿ ಅನ್ನುವ ಕಿಣ್ವದ ಕೊರತೆ ಇರುವ ಮಕ್ಕಳಲ್ಲಿ ಕೆಂಪು ರಕ್ತಕಣ ಒಡೆಯುವಂತೆ ಮಾಡುತ್ತದೆ. ಆ ಕೊರತೆ ಇದೆಯೋ ಇಲ್ಲವೋ ಅನ್ನುವುದು ಎಷ್ಟೋ ಮನೆಗಳಲ್ಲಿ ಗೊತ್ತೇ ಇರುವುದಿಲ್ಲ. ಹಾಗಾಗಿ ಎಳೆಗೂಸಿನ ಬಟ್ಟೆಯ ಜೊತೆ ಅದನ್ನು ಇಡದಿರುವುದೇ ಸರಿ.

ಬಚ್ಚಲು ತೊಳೆಯುವ ಆಸಿಡ್ ಮತ್ತು ಬ್ಲೀಚಿಂಗ್ ಪೌಡರ್, ಇವೆರಡನ್ನು ಯಾವತ್ತೂ ಕೂಡಿಸಬಾರದು. ಕೂಡಿದರೆ ಕ್ಲೋರಿನ್ ಅನಿಲ ಬರುತ್ತದೆ. ಕಣ್ಣು, ಗಂಟಲು ಉರಿಯುತ್ತದೆ, ಮುಚ್ಚಿದ ಬಚ್ಚಲಲ್ಲಿ ಉಸಿರೇ ಕಟ್ಟಬಹುದು. ಎರಡೂ ಹಾಕಿದರೆ ಇನ್ನೂ ಬೆಳ್ಳಗಾಗುತ್ತದೆ ಅನ್ನುವುದು ತಪ್ಪು ಲೆಕ್ಕ.

ಧಾರವಾಡದ ಜಿಟಿಜಿಟಿ ಮಳೆಗಾಲದಲ್ಲಿ ಗೋಡೆಗೆ ಬೂಸಲು ಬರುತ್ತದಲ್ಲ, ಆ ಹಸಿ ವಾಸನೆಯೂ ಈ ಪಟ್ಟಿಯದೇ. ಬೂಸಲಿನ ಸಣ್ಣ ಬೀಜಕಣಗಳು ಗಾಳಿಯಲ್ಲಿ ತೇಲುತ್ತವೆ. ಅಸ್ತಮಾ ಇರುವ ಮಗುವಿಗೆ ತೊಂದರೆ ಕೊಡುತ್ತವೆ.

ಮೂರರಲ್ಲೂ ಸಿಗದ್ದು

ಕಾರ್ಬನ್ ಮಾನಾಕ್ಸೈಡ್. ಬಣ್ಣ ಇಲ್ಲ, ವಾಸನೆ ಇಲ್ಲ, ಕಣ್ಣುರಿಯೂ ಇಲ್ಲ. ಸಾಕಷ್ಟು ಗಾಳಿ ಇಲ್ಲದ ಕಡೆ ಗ್ಯಾಸ್, ಇದ್ದಿಲು, ಕಟ್ಟಿಗೆ ಯಾವುದು ಉರಿದರೂ ಹುಟ್ಟುತ್ತದೆ. ನಮ್ಮ ರಕ್ತದಲ್ಲಿ ಆಕ್ಸಿಜನ್ ಹೊರುವ ಹಿಮೋಗ್ಲೋಬಿನ್‌ಗೆ ಇದು ಆಕ್ಸಿಜನ್‌ಗಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಆಮೇಲೆ ಆಕ್ಸಿಜನ್‌ಗೆ ಜಾಗ ಇರುವುದಿಲ್ಲ. ತಲೆನೋವು, ತಲೆಸುತ್ತು, ವಾಕರಿಕೆ, ಕೊನೆಗೆ ಎಚ್ಚರ ತಪ್ಪುವುದು. ಕಿಟಕಿ ಇಲ್ಲದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಹಾಕಿ ಸ್ನಾನಕ್ಕೆ ಹೋದವರು ಸತ್ತ ಸುದ್ದಿ ಪ್ರತಿ ಚಳಿಗಾಲ ಬರುವುದು ಇದರಿಂದಲೇ. ಗ್ಯಾಸ್ ಗೀಸರನ್ನು ಬಚ್ಚಲ ಹೊರಗೆ, ಗಾಳಿ ಆಡುವ ಜಾಗದಲ್ಲಿ ಕೂರಿಸಬೇಕು. ಕೆಂಡದ ಒಲೆಯನ್ನು ಮಲಗುವ ಕೋಣೆಗೆ ತರಬಾರದು.

ಅಡುಗೆ ಗ್ಯಾಸಿಗೂ ತನ್ನದೇ ವಾಸನೆ ಇಲ್ಲ. ಸೋರಿದರೆ ಗೊತ್ತಾಗಲಿ ಅಂತ ಮರ್ಕ್ಯಾಪ್ಟನ್ ಅನ್ನುವ ನಾತದ ವಸ್ತು ಬೆರೆಸುತ್ತಾರೆ. ಆ ನಾತ ಬಂದರೆ ಸ್ವಿಚ್ ಮುಟ್ಟದೆ ಹೊರಗೆ ಓಡಿ ದೊಡ್ಡವರನ್ನು ಕೂಗಬೇಕು ಅನ್ನುವುದನ್ನು ನಾಲ್ಕು ವರ್ಷದ ಮಗುವಿಗೂ ಹೇಳಿಕೊಡಬಹುದು.

ಕಿಟಕಿ ಯಾವಾಗ ತೆರೆಯಬೇಕು?

ಹೊರಗಿನ ಗಾಳಿಯೇ ಕೆಟ್ಟಿದ್ದರೆ ಕಿಟಕಿ ತೆರೆದು ಏನು ಲಾಭ ಅನ್ನುವ ಪ್ರಶ್ನೆ ಸರಿಯಾದದ್ದೇ. ಹೊತ್ತು ನೋಡಿ ತೆರೆಯಬೇಕು. ಬಿಸಿಲಿಗೆ ನೆಲ ಕಾದಾಗ ಅದಕ್ಕೆ ತಾಗಿದ ಗಾಳಿ ಬಿಸಿಯಾಗಿ ಮೇಲೇರುತ್ತದೆ, ಹೊಗೆಯನ್ನೂ ಹೊತ್ತೊಯ್ಯುತ್ತದೆ. ಚಳಿಗಾಲದ ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ. ತಣ್ಣನೆ ಗಾಳಿ ಕೆಳಗೆ, ಬೆಚ್ಚನೆಯದು ಮೇಲೆ. ಹೊಗೆ, ಧೂಳಿಗೆ ಮೇಲೆ ಹೋಗಲು ದಾರಿ ಸಿಗುವುದಿಲ್ಲ. ಡಿಸೆಂಬರ್ ಬೆಳಿಗ್ಗೆ ಓಣಿಯಲ್ಲಿ ಕಸ ಸುಟ್ಟ ಹೊಗೆ ನೆಲದ ಮೇಲೇ ಮಲಗಿರುವುದು ಇದಕ್ಕೇ. ಅಂಥ ದಿನ ಬಿಸಿಲು ಏರಿದ ಮೇಲೆ ಕಿಟಕಿ ತೆರೆಯಿರಿ. ರಸ್ತೆ ಕಡೆಯದಕ್ಕಿಂತ ಹಿತ್ತಲ ಬಾಗಿಲು ಒಳ್ಳೆಯದು. ಒಳಗೆ ಏನಾದರೂ ಉರಿಯುತ್ತಿದ್ದರೆ ಮಾತ್ರ ಹೊತ್ತು ನೋಡಬೇಡಿ, ಆಗಲೇ ತೆರೆಯಿರಿ.

ಹೊರಗಿನ ಗಾಳಿ ಹೇಗಿದೆ ಅಂತ ತಿಳಿಯಲು ಎಕ್ಯೂಐ ಇದೆ. ಗಾಳಿಯ ಗುಣಮಟ್ಟ ಹೇಳುವ ಒಂದೇ ಅಂಕಿ. ನಮ್ಮ ದೇಶದಲ್ಲಿ 2015ರಿಂದ ಬಳಕೆಯಲ್ಲಿದೆ. ಎಂಟು ಮಾಲಿನ್ಯಕಾರಕಗಳ ಲೆಕ್ಕ ಇದರಲ್ಲಿದ್ದು, ಅಳೆದವುಗಳಲ್ಲಿ ಯಾವುದು ಅತಿ ಕೆಟ್ಟದ್ದೋ ಅದರ ಅಂಕಿಯೇ ಆ ಹೊತ್ತಿನ ಎಕ್ಯೂಐ. 50ರವರೆಗೆ ಹಸಿರು, 100ರವರೆಗೆ ತಿಳಿಹಸಿರು, 200ರವರೆಗೆ ಹಳದಿ, 300ರವರೆಗೆ ಕಿತ್ತಳೆ, 400ರವರೆಗೆ ಕೆಂಪು, ಅದರ ಮೇಲೆ ಕಡುಗೆಂಪು. ಓದಲು ಬಾರದ ಮಗುವೂ ಬಣ್ಣ ಹೇಳುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 'ಸಮೀರ್' ಆ್ಯಪ್‌ನಲ್ಲಿ ಹುಬ್ಬಳ್ಳಿಯ ದೇಶಪಾಂಡೆ ನಗರ, ಗದಗಿನ ಪಂಚಾಲ ನಗರದ ಅಳತೆ ಕೇಂದ್ರಗಳ ಅಂಕಿ ನೋಡಬಹುದು. ಅದು ಆ ಜಾಗದ, ಹೊರಗಿನ ಗಾಳಿಯ ಅಂಕಿ. ನಿಮ್ಮ ಅಡುಗೆಮನೆಯದು ಅಲ್ಲ.

ಗಿಡ ಇಟ್ಟರೆ ಸಾಲದೇ?

ಈ ಪ್ರಶ್ನೆ ಮಕ್ಕಳಿಗಿಂತ ದೊಡ್ಡವರೇ ಹೆಚ್ಚು ಕೇಳುತ್ತಾರೆ. 1989ರಲ್ಲಿ ಅಮೆರಿಕದ ನಾಸಾ ಮಾಡಿದ ಪ್ರಯೋಗದಲ್ಲಿ ಕುಂಡದ ಗಿಡಗಳು ಕೆಲವು ಅನಿಲಗಳನ್ನು ಹೀರಿದ್ದು ನಿಜ. ಆದರೆ ಅದು ಗಾಳಿ ಆಡದಂತೆ ಬಿಗಿಯಾಗಿ ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ. ಇಂಥ ಪ್ರಯೋಗಗಳನ್ನೆಲ್ಲ ಒಟ್ಟು ಮಾಡಿ 2019ರಲ್ಲಿ ಲೆಕ್ಕ ಹಾಕಿದಾಗ, ಕಟ್ಟಡದೊಳಗೆ ಸಹಜವಾಗಿ ಆಡುವ ಗಾಳಿಯಷ್ಟು ಕೆಲಸ ಗಿಡಗಳಿಂದ ಆಗಬೇಕಾದರೆ ಒಂದು ಚದರ ಮೀಟರಿಗೆ 10ರಿಂದ 1,000 ಗಿಡ ಬೇಕು ಅಂತ ಬಂತು. ಮನಿ ಪ್ಲಾಂಟ್ ಚಂದಕ್ಕೆ ಇರಲಿ.

ವೈದ್ಯರ ಹತ್ತಿರ ಯಾವಾಗ?

ಪಾಠ ಹೇಳುವಾಗ ಮಗುವನ್ನು ಹೆದರಿಸಬೇಡಿ. "ಹೊಗೆ ಕುಡಿದರೆ ಸಾಯ್ತಿ" ಅಂದರೆ ಅದು ರಾತ್ರಿ ನಿದ್ದೆ ಮಾಡುವುದಿಲ್ಲ. "ಹೊಗೆ ಬಂದರೆ ಆ ಕಡೆ ಹೋಗು, ನನಗೆ ಹೇಳು" ಅಂದರೆ ಸಾಕು. ಕೆಮ್ಮು ವಾರಗಟ್ಟಲೆ ಬಿಡದಿದ್ದರೆ, ರಾತ್ರಿ ಕೆಮ್ಮಿ ಏಳುತ್ತಿದ್ದರೆ, ಎದೆಯಿಂದ ಸುಂಯ್ ಅನ್ನುವ ಸದ್ದು ಬರುತ್ತಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ. ಉಸಿರೆಳೆಯುವಾಗ ಪಕ್ಕೆಲುಬಿನ ನಡುವೆ ಗುಳಿ ಬೀಳುವುದು, ತುಟಿ ನೀಲಿಯಾಗುವುದು ಕಂಡರೆ ಕಾಯಬೇಡಿ, ಸೀದಾ ಆಸ್ಪತ್ರೆಗೆ ಹೋಗಿ. ಅಲ್ಲಿ ಮನೆಯಲ್ಲಿ ಸೊಳ್ಳೆ ಬತ್ತಿ ಹಚ್ಚುತ್ತೀರಾ, ಹಂಡೆಯ ಒಲೆ ಇದೆಯಾ, ಬೀಡಿ ಸೇದುವವರು ಇದ್ದಾರಾ, ಗೋಡೆಗೆ ಬೂಸಲು ಬಂದಿದೆಯಾ, ಇದನ್ನೆಲ್ಲ ವೈದ್ಯರು ಕೇಳದಿದ್ದರೂ ನೀವೇ ಹೇಳಿ.